ಬೆಟ್ಟದ ತುದಿಯ ರಿಪೀಟರಿಗೆ ಬಾಳಿಕೆ ಬರುವ ಡ್ಯುಯಲ್ ಬ್ಯಾಂಡ್ ಆಂಟೆನಾ ಯಾವುದು?

ಪ್ರಶ್ನೆ: ನಮ್ಮ ಹವ್ಯಾಸಿ ರೇಡಿಯೊ ಸಂಘವು ಬೆಟ್ಟದ ತುದಿಯ ಗೋಪುರವೊಂದರಲ್ಲಿ ಎರಡು ರಿಪೀಟರುಗಳನ್ನು (ಒಂದು ಆವರ್ತನದಲ್ಲಿ ಸಿಗ್ನಲ್ ಕೇಳಿ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಸಾಧನ) ನಡೆಸುತ್ತಿದೆ, ಒಂದು 2 ಮೀಟರ್ ಬ್ಯಾಂಡಿನದು, ಇನ್ನೊಂದು 70 ಸೆಂಟಿಮೀಟರ್ ಬ್ಯಾಂಡಿನದು. ಎರಡಕ್ಕೂ ಸೇರಿ ಐದು ಮೀಟರಿಗಿಂತ ಉದ್ದದ, ಕ್ಯಾಟಲಾಗಿನಲ್ಲಿ ಅತಿ ಹೆಚ್ಚು ಗೇನ್ (ಸಿಗ್ನಲ್ಲನ್ನು ಒಂದು ಕಡೆಗೆ ಕೇಂದ್ರೀಕರಿಸುವ ಗುಣ) ಇದ್ದ ಫೈಬರ್‌ಗ್ಲಾಸ್ ಆಂಟೆನಾವೊಂದನ್ನು ಹಾಕಿದ್ದೆವು. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಈಗ ಗಾಳಿ ಬೀಸಿದಾಗಲೆಲ್ಲ ಕರಕರ ಸದ್ದು ಬರುತ್ತದೆ, ದೂರದ ಸ್ಟೇಷನ್ನುಗಳು ಅದರಲ್ಲಿ ಮುಳುಗಿಹೋಗುತ್ತವೆ. ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾದಿಂದ ಹಿಂದಿರುಗುವ ಶಕ್ತಿಯನ್ನು ಅಳೆಯುವ ಸಾಧನ; 1 ಎಂದರೆ ಏನೂ ಹಿಂದಿರುಗುತ್ತಿಲ್ಲ) ಮಾತ್ರ 1.3 ಎಂದೇ ತೋರಿಸುತ್ತಿದೆ. ಬೆಟ್ಟದ ಬುಡದ ಊರಿನಲ್ಲಿ 70 ಸೆಂಟಿಮೀಟರ್ ರಿಪೀಟರ್ ಮೊದಲಿನಿಂದಲೂ ಸರಿಯಾಗಿ ಸಿಕ್ಕಿಲ್ಲ. ಮುಂದಿನ ಆಂಟೆನಾ ಹಲವು ವರ್ಷ ಬಾಳಬೇಕು. ಯಾವುದನ್ನು ಆರಿಸಬೇಕು?

ಉತ್ತರ: ನೀವು ಹೇಳಿರುವ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಐದು ಮೀಟರ್ ಉದ್ದದ, ಒಳಗೆ ಹಲವು ಜೋಡಣೆಗಳಿರುವ, ಮನೆಯ ಮೇಲಿನ ಬಳಕೆಗೆಂದು ರೂಪಿಸಿದ ಆಂಟೆನಾವನ್ನು ಬೆಟ್ಟದ ತುದಿಯಲ್ಲಿ ರಿಪೀಟರಿಗೆ ಕಟ್ಟಿದಾಗ ಗಾಳಿ ಅದರ ಜೋಡಣೆಗಳನ್ನು ಸಡಿಲಗೊಳಿಸುತ್ತದೆ, ಸಡಿಲವಾದ ಜೋಡಣೆ ಸದ್ದು ಹುಟ್ಟಿಸುತ್ತದೆ, ಮತ್ತು ಅದೇ ಉದ್ದವು ಬುಡದ ಊರಿನ ಮೇಲಿಂದ ಸಿಗ್ನಲ್ಲನ್ನು ದಾಟಿಸಿಬಿಡುತ್ತದೆ. ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಗೋಪುರದಲ್ಲಿ ಎರಡು ಆಂಟೆನಾಗಳಿಗೆ ಜಾಗವಿದ್ದರೆ ಡ್ಯುಯಲ್ ಬ್ಯಾಂಡ್ ಆಂಟೆನಾವನ್ನೇ ಹಾಕಬೇಡಿ, ಪ್ರತಿ ಬ್ಯಾಂಡಿಗೂ ಒಂದೊಂದು ಫೋಲ್ಡೆಡ್ ಡೈಪೋಲ್ ಸರಣಿಯನ್ನು (ಬಳೆಯಂತೆ ಮಡಚಿದ ಲೋಹದ ಕಡ್ಡಿಗಳ ಸಾಲನ್ನು) ಹಾಕಿ. ಒಂದಕ್ಕೆ ಮಾತ್ರ ಜಾಗವಿದ್ದರೆ ಗಿಡ್ಡನೆಯ, ಕಡಿಮೆ ಗೇನಿನ, ದಪ್ಪ ಗೋಡೆಯ ಒಂದೇ ತುಂಡಿನ ಆಂಟೆನಾವನ್ನು ಆರಿಸಿ. ಎತ್ತರವನ್ನು ಬೆಟ್ಟವೇ ಕೊಟ್ಟಿದೆ. ನೀವು ಹುಡುಕಬೇಕಾದದ್ದು ಸದ್ದು ಮಾಡದ, ಕದಲದ ಲೋಹವನ್ನು.

ಎಸ್‌ಡಬ್ಲ್ಯೂಆರ್ ಸರಿಯಿದ್ದೂ ಸದ್ದು ಬರುವುದು ಏಕೆ ಎಂಬುದನ್ನು ಅರ್ಥ ಮಾಡಿಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ. ಮನೆಯ ಸ್ಟೇಷನ್ನಿನಲ್ಲಿ ಆಂಟೆನಾ ಒಮ್ಮೆ ಪ್ರಸಾರ ಮಾಡುತ್ತದೆ, ಒಮ್ಮೆ ಕೇಳುತ್ತದೆ. ಎರಡೂ ಒಂದೇ ಕ್ಷಣದಲ್ಲಿ ನಡೆಯುವುದಿಲ್ಲ. ರಿಪೀಟರಿನಲ್ಲಿ ಅದೇ ಲೋಹದ ಮೇಲೆ ಅದೇ ಕ್ಷಣದಲ್ಲಿ ಎರಡೂ ನಡೆಯುತ್ತವೆ. 50 ವಾಟ್ ಶಕ್ತಿಯು ಮೇಲೆ ಹೋಗುತ್ತಿರುವಾಗಲೇ 0.25 ಮೈಕ್ರೊವೋಲ್ಟಿನ ಸಿಗ್ನಲ್ ಕೆಳಗೆ ಬರುತ್ತಿರುತ್ತದೆ. 50 ಓಮ್ ವ್ಯವಸ್ಥೆಯಲ್ಲಿ ಲೆಕ್ಕ ಹಾಕಿದರೆ ಇವೆರಡರ ನಡುವಿನ ಅಂತರ 166 ಡೆಸಿಬೆಲ್, ಅಂದರೆ ಸುಮಾರು ನಾನ್ನೂರು ಕೋಟಿ ಕೋಟಿ ಪಟ್ಟು. ಸಡಿಲವಾದ ಒಂದು ಸ್ಕ್ರೂ, ಹಸಿರುಗಟ್ಟಿದ ಒಂದು ತಾಮ್ರದ ಜೋಡಣೆ, ಬಿರುಕು ಬಿಟ್ಟ ಒಂದು ಬೆಸುಗೆ ಇಷ್ಟು ಸಾಕು. ಪ್ರಸಾರದ ವಿದ್ಯುತ್ ಅಲ್ಲಿ ಹರಿಯುವಾಗ ಸಂಪರ್ಕ ಕೂಡುತ್ತ ಬಿಡುತ್ತ ಅಗಲವಾದ ಪಟ್ಟಿಯಲ್ಲಿ ಗದ್ದಲವನ್ನು ಚೆಲ್ಲುತ್ತದೆ. ಹೋದ ಶಕ್ತಿಯ ಕೋಟಿ ಕೋಟಿಯಲ್ಲಿ ಒಂದು ಪಾಲು ಗದ್ದಲವಾಗಿ ರಿಸೀವರಿನ ಆವರ್ತನಕ್ಕೆ ಬಿದ್ದರೂ ದುರ್ಬಲ ಸ್ಟೇಷನ್ ಮುಚ್ಚಿಹೋಗುತ್ತದೆ. ಇಷ್ಟು ಸಣ್ಣ ಬದಲಾವಣೆಯನ್ನು ಎಸ್‌ಡಬ್ಲ್ಯೂಆರ್ ಮೀಟರ್ ಕಾಣಲಾರದು, ಏಕೆಂದರೆ ಅದು ಅಳೆಯುವುದು ಹಿಂದಿರುಗಿದ ಶಕ್ತಿಯನ್ನೇ ಹೊರತು ಹುಟ್ಟಿದ ಗದ್ದಲವನ್ನಲ್ಲ. ಅದರ ಮೇಲೆ ಕೇಬಲಿನ ನಷ್ಟವೂ ಸೇರಿ, ಕೆಳಗೆ ನಿಂತು ಅಳೆದಾಗ ಆಂಟೆನಾ ಇರುವುದಕ್ಕಿಂತ ಒಳ್ಳೆಯದಾಗಿಯೇ ಕಾಣುತ್ತದೆ.

ಉದ್ದನೆಯ ಫೈಬರ್‌ಗ್ಲಾಸ್ ಕೋಲಿನಿಯರಿನ (ಕಡ್ಡಿಗಳನ್ನು ಒಂದರ ಮೇಲೊಂದು ನೇರ ಸಾಲಿನಲ್ಲಿ ಜೋಡಿಸಿದ ಆಂಟೆನಾದ) ಒಳಗೆ ಏನಿರುತ್ತದೆ ಎಂಬುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಳಿಯ ಕೊಳವೆ ಕೇವಲ ಹೊದಿಕೆ. ಒಳಗಿರುವುದು ತೆಳುವಾದ ಹಿತ್ತಾಳೆ ಅಥವಾ ತಾಮ್ರದ ಕಡ್ಡಿಗಳು, ಅವುಗಳ ನಡುವೆ ತರಂಗದ ಹಂತ (ಫೇಸ್) ಹೊಂದಿಸುವ ಸುರುಳಿಗಳು ಮತ್ತು ಸಣ್ಣ ಕೆಪಾಸಿಟರುಗಳು, ಕಡ್ಡಿ ಗೋಡೆಗೆ ತಾಗದಂತೆ ಅಲ್ಲಲ್ಲಿ ಇಟ್ಟ ಫೋಮ್ ಬಿಲ್ಲೆಗಳು. ಐದು ಮೀಟರಿನ ಆಂಟೆನಾವನ್ನು ಒಂದೇ ಪೆಟ್ಟಿಗೆಯಲ್ಲಿ ಕಳುಹಿಸಲಾಗದು ಎಂಬ ಕಾರಣಕ್ಕೆ ಅದನ್ನು ಎರಡು ಮೂರು ತುಂಡು ಮಾಡಿರುತ್ತಾರೆ. ಕಟ್ಟುವವರು ಕಡ್ಡಿಯ ತುದಿಗಳನ್ನು ಹಿತ್ತಾಳೆಯ ತೋಳಿನಲ್ಲಿ ಸೇರಿಸಿ ಪುಟ್ಟ ಸ್ಕ್ರೂಗಳಿಂದ ಬಿಗಿಯಬೇಕು. ಗಾಳಿಗೆ ಕೊಳವೆ ಬಾಗಿದಾಗ ಒಳಗಿನ ಕಡ್ಡಿಯೂ ಬಾಗುತ್ತದೆ, ಆದರೆ ಸುರುಳಿ ಮತ್ತು ಬೆಸುಗೆಗಳು ಕಡ್ಡಿಯಷ್ಟು ಸಲೀಸಾಗಿ ಬಾಗಲಾರವು. ಹಗಲಿರುಳು ಗಾಳಿಯಾಡುವ ಜಾಗದಲ್ಲಿ ಈ ಬಾಗುವಿಕೆ ಲಕ್ಷಾಂತರ ಸಲ ನಡೆಯುತ್ತದೆ. ಲೋಹ ದಣಿಯುತ್ತದೆ. ಬೆಸುಗೆಯ ಸುತ್ತ ಕೂದಲಿನಷ್ಟು ತೆಳುವಾದ ಉಂಗುರಾಕಾರದ ಬಿರುಕು ಬರುತ್ತದೆ. ಓಮ್ ಮೀಟರಿಗೆ ಅದು ಕೂಡಿದಂತೆಯೇ ಕಾಣುತ್ತದೆ, ಪ್ರಸಾರದ ಹೊತ್ತಿನಲ್ಲಿ ಮಾತ್ರ ಸಿಡುಕುತ್ತದೆ. ನಿಮಗೆ ಗಾಳಿ ಬೀಸಿದಾಗ ಮಾತ್ರ ಸದ್ದು ಬರುತ್ತಿರುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇಂತಹ ಆಂಟೆನಾಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಮನೆಯ ಮೇಲೆ, ಒಮ್ಮೆ ಹೇಳಿ ಒಮ್ಮೆ ಕೇಳುವ ಸ್ಟೇಷನ್ನಿಗೆ ಅವು ವರ್ಷಗಟ್ಟಲೆ ಸೊಗಸಾಗಿ ಕೆಲಸ ಮಾಡುತ್ತವೆ. ರಿಪೀಟರ್ ಕೇಳುವ ಶಿಸ್ತು ಬೇರೆಯದು.

ಎರಡು ಬ್ಯಾಂಡುಗಳು ಒಂದೇ ಲೋಹವನ್ನು ಹಂಚಿಕೊಂಡಾಗ ಈ ಶಿಸ್ತು ಇನ್ನೂ ಬಿಗಿಯಾಗುತ್ತದೆ. ಇದನ್ನು ಅಂಕಿಗಳಲ್ಲಿಯೇ ನೋಡುವುದು ಒಳ್ಳೆಯದು. ನಿಮ್ಮ 2 ಮೀಟರ್ ರಿಪೀಟರ್ 145.700 ಮೆಗಾಹರ್ಟ್ಸಿನಲ್ಲಿ ಪ್ರಸಾರ ಮಾಡಿ 145.100ರಲ್ಲಿ ಕೇಳುತ್ತದೆ ಎಂದುಕೊಳ್ಳಿ. ಅದರ ಪ್ರಸಾರದ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟಿನ ಆವರ್ತನ) 437.100 ಮೆಗಾಹರ್ಟ್ಸಿಗೆ ಬೀಳುತ್ತದೆ, ಅಂದರೆ ನೇರವಾಗಿ 70 ಸೆಂಟಿಮೀಟರ್ ಬ್ಯಾಂಡಿನ ನಡುವಿಗೆ. ಟ್ರಾನ್ಸ್‌ಮಿಟರಿನ ಬಳಿ ಒಳ್ಳೆಯ ಲೋಪಾಸ್ ಫಿಲ್ಟರ್ ಇದ್ದರೆ ಅಲ್ಲಿ ಹುಟ್ಟಿದ ಹಾರ್ಮೋನಿಕ್ ಅಲ್ಲೇ ನಿಲ್ಲುತ್ತದೆ. ಆದರೆ ಆಂಟೆನಾದ ತುಕ್ಕು ಹಿಡಿದ ಜೋಡಣೆಯಲ್ಲಿ ಹುಟ್ಟಿದ್ದನ್ನು ಯಾವ ಫಿಲ್ಟರೂ ತಡೆಯಲಾರದು. ಇನ್ನೊಂದು ಲೆಕ್ಕ ಇದಕ್ಕಿಂತ ಕಿರುಕುಳದ್ದು. 70 ಸೆಂಟಿಮೀಟರ್ ರಿಪೀಟರಿನ ಪ್ರಸಾರ 436.500 ಇದ್ದರೆ, ಅದರಿಂದ 145.700ರ ಎರಡರಷ್ಟನ್ನು, ಅಂದರೆ 291.400ನ್ನು ಕಳೆಯಿರಿ, ಉಳಿಯುವುದು 145.100. ಅದೇ ನಿಮ್ಮ 2 ಮೀಟರ್ ರಿಸೀವರಿನ ಆವರ್ತನ! ಎರಡೂ ರಿಪೀಟರುಗಳು ಒಟ್ಟಿಗೆ ಪ್ರಸಾರದಲ್ಲಿದ್ದಾಗ, ಡಯೋಡಿನಂತೆ ವರ್ತಿಸುವ ಒಂದೇ ಒಂದು ಕೊಳೆತ ಜೋಡಣೆ ಈ ಕಳೆಯುವ ಲೆಕ್ಕವನ್ನು ಮಾಡಿಬಿಡುತ್ತದೆ. ಬ್ಯಾಂಡುಗಳ ನಡುವಿನ ಅನುಪಾತ ಹೆಚ್ಚುಕಡಿಮೆ ಮೂರು ಇರುವುದರಿಂದಲೇ ಒಂದೇ ಕಡ್ಡಿ ಎರಡೂ ಬ್ಯಾಂಡಿನಲ್ಲಿ ಅನುರಣಿಸಲು ಸಾಧ್ಯವಾಗಿದೆ. ಈ ಕಾಟಕ್ಕೂ ಕಾರಣ ಅದೇ ಅನುಪಾತ. ಆದ್ದರಿಂದ ಆಂಟೆನಾ ಕೊಳ್ಳುವ ಮೊದಲು ನಿಮ್ಮ ನಾಲ್ಕೂ ಆವರ್ತನಗಳನ್ನು ಕಾಗದದ ಮೇಲೆ ಬರೆದು, ಮೂರು ಪಟ್ಟು ಮಾಡಿ, ಎರಡು ಪಟ್ಟು ಕಳೆದು ನೋಡಿಕೊಳ್ಳಿ. ಅದೇ ಗೋಪುರದಲ್ಲಿ ಬೇರೆಯವರ ಟ್ರಾನ್ಸ್‌ಮಿಟರುಗಳಿದ್ದರೆ ಅವುಗಳನ್ನೂ ಲೆಕ್ಕಕ್ಕೆ ಸೇರಿಸಿ.

ಹೊಸತನ್ನು ಕೊಳ್ಳುವ ಮುಂಚೆ ತಪ್ಪು ಆಂಟೆನಾದ್ದೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಇಂಥದೇ ಸದ್ದು ಕನೆಕ್ಟರಿನಿಂದಲೂ, ಕೇಬಲಿನಿಂದಲೂ, ಗೋಪುರದ ಮೇಲೆ ಸಡಿಲವಾಗಿ ತೂಗುವ ಕಬ್ಬಿಣದ ತುಂಡಿನಿಂದಲೂ ಬರಬಹುದು. ಡ್ಯುಪ್ಲೆಕ್ಸರಿಗೂ (ಪ್ರಸಾರ ಮತ್ತು ಕೇಳುವಿಕೆ ಒಂದೇ ಆಂಟೆನಾ ಹಂಚಿಕೊಳ್ಳುವಂತೆ ಬೇರ್ಪಡಿಸುವ ಫಿಲ್ಟರಿಗೂ) ಆಂಟೆನಾ ಕೇಬಲಿಗೂ ನಡುವೆ ಒಂದು ಡೈರೆಕ್ಷನಲ್ ಕಪ್ಲರ್ (ಸಿಗ್ನಲ್ಲಿನ ಸಣ್ಣ ಪಾಲನ್ನು ಕವಲಿನ ಮೂಲಕ ಸೇರಿಸುವ, ತೆಗೆಯುವ ಸಾಧನ) ಇಡಿ. ಮುಖ್ಯ ದಾರಿಯಿಂದ 30 ಅಥವಾ 40 ಡೆಸಿಬೆಲ್ ಕೆಳಗಿರುವ ಅದರ ಕವಲಿಗೆ, ಪ್ರಸಾರದ ಶಕ್ತಿಯಿಂದ ರಕ್ಷಿಸಲು ಒಂದು ಅಟೆನ್ಯುಯೇಟರನ್ನೂ ಸೇರಿಸಿ, ಸಿಗ್ನಲ್ ಜನರೇಟರ್ ಜೋಡಿಸಿ. ಮೊದಲು ಆಂಟೆನಾದ ಬದಲು 50 ಓಮಿನ ಡಮ್ಮಿ ಲೋಡ್ (ಶಕ್ತಿಯನ್ನು ಪ್ರಸಾರ ಮಾಡದೆ ಶಾಖವಾಗಿಸುವ ನಕಲಿ ಆಂಟೆನಾ) ಹಾಕಿ, ರಿಸೀವರಿನಲ್ಲಿ 12 ಡೆಸಿಬೆಲ್ ಸಿನಾಡ್ (ಗದ್ದಲದೆದುರು ಸಿಗ್ನಲ್ ಎಷ್ಟು ಸ್ಪಷ್ಟ ಎಂಬ ಅಳತೆ) ಬರುವಷ್ಟು ಸಿಗ್ನಲ್ ಕೊಟ್ಟು, ಆಮೇಲೆ ಟ್ರಾನ್ಸ್‌ಮಿಟರ್ ಚಾಲೂ ಮಾಡಿ. ಸಿನಾಡ್ ಕದಲದಿದ್ದರೆ ರಿಪೀಟರ್ ಮತ್ತು ಡ್ಯುಪ್ಲೆಕ್ಸರ್ ಆರೋಗ್ಯವಾಗಿವೆ. ಈಗ ಡಮ್ಮಿ ಲೋಡ್ ತೆಗೆದು ಆಂಟೆನಾ ಜೋಡಿಸಿ. ಟ್ರಾನ್ಸ್‌ಮಿಟರ್ ನಿಂತಿರುವಾಗ ಮತ್ತೆ 12ಕ್ಕೆ ಹೊಂದಿಸಿಕೊಳ್ಳಿ. ಡಮ್ಮಿ ಲೋಡಿಗಿಂತ ಹೆಚ್ಚು ಸಿಗ್ನಲ್ ಬೇಕಾದರೆ ಅದು ಬೆಟ್ಟದ ಪರಿಸರದ ಗದ್ದಲ, ಅದಕ್ಕೂ ಆಂಟೆನಾದ ಗುಣಕ್ಕೂ ಸಂಬಂಧವಿಲ್ಲ. ಟ್ರಾನ್ಸ್‌ಮಿಟರ್ ಚಾಲೂ ಆದ ಕೂಡಲೇ ಸಿನಾಡ್ ಕುಸಿದರೆ ತಪ್ಪು ಕಪ್ಲರಿನ ಆಚೆಗಿದೆ. ಆಗ ಒಬ್ಬರು ಕೇಬಲನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಅಲುಗಿಸುತ್ತ ಹೋಗಲಿ, ಇನ್ನೊಬ್ಬರು ಕೇಳುತ್ತಿರಲಿ. ಗೋಪುರದ ಮೇಲಿರುವವರು ಪ್ರಸಾರ ಮಾಡುತ್ತಿರುವ ಆಂಟೆನಾದ ಹತ್ತಿರಕ್ಕೆ ಹೋಗಕೂಡದು. ಈ ಪರೀಕ್ಷೆಯನ್ನು ಗಾಳಿಯಿರುವ ದಿನ ಮಾಡಿ. ಶಾಂತವಾದ ಮಧ್ಯಾಹ್ನದಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಇನ್ನು ಬುಡದ ಊರಿನ ವಿಷಯ. ಆಂಟೆನಾದ ಗೇನ್ ಎಂಬುದು ಸೃಷ್ಟಿಯಾದ ಶಕ್ತಿಯಲ್ಲ; ಮೇಲೆ ಕೆಳಗೆ ಹೋಗುತ್ತಿದ್ದುದನ್ನು ಹಿಂಡಿ ದಿಗಂತದ ಕಡೆಗೆ ತಿರುಗಿಸಿದ್ದು, ಅಷ್ಟೆ. ಒಂದು ಅರ್ಧತರಂಗ ಡೈಪೋಲಿನ ಲಂಬ ಕಿರಣದ ಅಗಲ 78 ಡಿಗ್ರಿ. 3 ಡಿಬಿಡಿ (ಅಂತಹ ಡೈಪೋಲಿಗೆ ಹೋಲಿಸಿದ ಡೆಸಿಬೆಲ್) ಗೇನಿಗೆ ಅದು ಸುಮಾರು 35 ಡಿಗ್ರಿಗೆ ಇಳಿಯುತ್ತದೆ, 6 ಡಿಬಿಡಿಗೆ 17ರ ಆಸುಪಾಸು, 9 ಡಿಬಿಡಿಗೆ ಸುಮಾರು 8 ಡಿಗ್ರಿ. 435 ಮೆಗಾಹರ್ಟ್ಸಿನಲ್ಲಿ ತರಂಗಾಂತರ 0.69 ಮೀಟರ್, ಐದು ಮೀಟರಿನ ನಿಮ್ಮ ಆಂಟೆನಾ ಅಲ್ಲಿ ಏಳು ತರಂಗಾಂತರಕ್ಕಿಂತ ಉದ್ದ. ಅದರ ಕಿರಣ ಸುಮಾರು 7 ಡಿಗ್ರಿ ಅಗಲ, ಮತ್ತು ದಿಗಂತಕ್ಕಿಂತ ಏಳೆಂಟು ಡಿಗ್ರಿ ಕೆಳಗೆ ಮೊದಲ ಕುರುಡು ಕೋನ (ಸಿಗ್ನಲ್ ಬಹುತೇಕ ಹೋಗದ ದಿಕ್ಕು). ಬೆಟ್ಟ ಸುತ್ತಲಿನ ನೆಲಕ್ಕಿಂತ 1000 ಮೀಟರ್ ಎತ್ತರದಲ್ಲಿದ್ದರೆ ಆ ಕೋನ ನೆಲವನ್ನು ಮುಟ್ಟುವುದು ಏಳೆಂಟು ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಸುತ್ತ ಬಳೆಯಂತೆ. 5 ಕಿಲೋಮೀಟರ್ ದೂರದ ಊರು 11 ಡಿಗ್ರಿ ಕೆಳಗಿರುತ್ತದೆ, 10 ಕಿಲೋಮೀಟರಿನದು 6 ಡಿಗ್ರಿಗೆ ತುಸು ಕಡಿಮೆ. ಅದೇ ದಿಗಂತವಾದರೋ, 1000 ಮೀಟರ್ ಎತ್ತರದಿಂದ ರೇಡಿಯೊ ತರಂಗಕ್ಕೆ 130 ಕಿಲೋಮೀಟರ್ ದೂರದಲ್ಲಿದ್ದು, ಕೇವಲ 0.9 ಡಿಗ್ರಿ ಕೆಳಗಿರುತ್ತದೆ. ಹಾಗಾಗಿ ಹೆಚ್ಚು ಗೇನಿನ ಆಂಟೆನಾ ನಿಮ್ಮಲ್ಲಿ ನೂರು ಕಿಲೋಮೀಟರಿನಾಚೆಗಿನ ಕೆಲವರಿಗೆ ಒಳ್ಳೆಯದನ್ನು ಮಾಡಿ, ಹತ್ತಿರದ ಹಲವರಿಗೆ ತೊಂದರೆ ಕೊಡುತ್ತಿದೆ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹತ್ತಿರದವರಿಗೆ ದೂರದ ನಷ್ಟ ಕಡಿಮೆ. 50 ಕಿಲೋಮೀಟರಿಗೆ ಹೋಲಿಸಿದರೆ 5 ಕಿಲೋಮೀಟರಿನಲ್ಲಿ 20 ಡೆಸಿಬೆಲ್ ಹೆಚ್ಚು ಸಿಗ್ನಲ್ ಇರುತ್ತದೆ. ಬಯಲಿನಲ್ಲಿ ನಿಂತವರಿಗೆ ಅದು ಕುರುಡು ಕೋನವನ್ನು ಮುಚ್ಚಿಹಾಕಲು ಸಾಕಾಗಬಹುದು. ಆದರೆ ಬೆಟ್ಟದ ಬುಡದ ಊರಿನಲ್ಲಿ ಕಟ್ಟಡದ ಒಳಗಿನಿಂದ, ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಸೆಟ್ಟಿನಿಂದ ಮಾತನಾಡುವವರಿಗೆ ಅದು ಸಾಲುವುದಿಲ್ಲ. ತುರ್ತು ಸಂದರ್ಭದಲ್ಲಿ ರಿಪೀಟರನ್ನು ನೆಚ್ಚಿಕೊಳ್ಳುವವರು ಹೆಚ್ಚಾಗಿ ಅವರೇ. 1.7 ಮೀಟರಿನ ಗಿಡ್ಡ ಆಂಟೆನಾದಲ್ಲಿ 70 ಸೆಂಟಿಮೀಟರ್ ಬ್ಯಾಂಡಿನ ಕಿರಣ 20 ಡಿಗ್ರಿಗೂ ಅಗಲವಾಗಿರುತ್ತದೆ. ಮೊದಲ ಕುರುಡು ಕೋನ ನೆಲ ಮುಟ್ಟುವುದು ಎರಡೂವರೆ ಕಿಲೋಮೀಟರಿನ ಒಳಗೆ, ಅಲ್ಲಿ ಇಳಿಜಾರೇ ಇರುತ್ತದೆ. ಇದಕ್ಕಾಗಿ ನೀವು ಬಿಟ್ಟುಕೊಡುವುದು ಎರಡೂ ಬ್ಯಾಂಡಿನಲ್ಲಿ ನಾಲ್ಕು ಡೆಸಿಬೆಲ್ಲಿನಷ್ಟು, ರಿಸೀವರಿನ ಸಿಗ್ನಲ್ ಮಾಪಕದಲ್ಲಿ ಒಂದು ಎಸ್ ಯೂನಿಟ್ ಆಗುವ 6 ಡೆಸಿಬೆಲ್ಲಿಗಿಂತಲೂ ಕಡಿಮೆ. ಕ್ಯಾಟಲಾಗಿನ ಗೇನನ್ನು ಓದುವಾಗ ಅದು ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ) ಲೆಕ್ಕವೋ ಡಿಬಿಡಿ ಲೆಕ್ಕವೋ ನೋಡಿಕೊಳ್ಳಿ. ಮೊದಲನೆಯದು ಯಾವಾಗಲೂ 2.15 ಹೆಚ್ಚಾಗಿ ಕಾಣುತ್ತದೆ. ಲಂಬ ಕಿರಣದ ಚಿತ್ರವನ್ನು ಎರಡೂ ಬ್ಯಾಂಡಿಗೆ ಬೇರೆ ಬೇರೆಯಾಗಿ ಕೊಡದ ತಯಾರಕರ ಆಂಟೆನಾವನ್ನು ಬೆಟ್ಟಕ್ಕೆ ತೆಗೆದುಕೊಳ್ಳಬೇಡಿ. 2 ಮೀಟರಿನಲ್ಲಿ ಅರ್ಧತರಂಗವಾಗಿರುವ ಕಡ್ಡಿ 70 ಸೆಂಟಿಮೀಟರಿನಲ್ಲಿ ಒಂದೂವರೆ ತರಂಗವಾಗಿ, ಹಾಗೆಯೇ ಬಿಟ್ಟರೆ ಶಕ್ತಿಯ ಬಹುಪಾಲನ್ನು ಓರೆಯಾಗಿ ಮೇಲಕ್ಕೂ ಕೆಳಕ್ಕೂ ಎಸೆಯುತ್ತದೆ. ಅದನ್ನು ತಯಾರಕರು ಎಷ್ಟರಮಟ್ಟಿಗೆ ತಿದ್ದಿದ್ದಾರೆ ಎಂಬುದು ಆ ಚಿತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ಕಿರಣವನ್ನು ಕೆಳಗೆ ಬಾಗಿಸಲು ಆಂಟೆನಾವನ್ನೇ ಓರೆಯಾಗಿ ಕಟ್ಟುವ ಯೋಚನೆ ಬಂದರೆ ಬಿಟ್ಟುಬಿಡಿ. ಸುತ್ತಲೂ ಪ್ರಸಾರ ಮಾಡುವ ಆಂಟೆನಾ ಒಂದು ಕಡೆ ಬಾಗಿದಷ್ಟೇ ಇನ್ನೊಂದು ಕಡೆ ಆಕಾಶ ನೋಡುತ್ತದೆ. ಬಾಗು ಬೇಕಿದ್ದರೆ ಒಳಗಿನ ಹಂತಗಳನ್ನು ಹೊಂದಿಸಿ ತಯಾರಿಸಿದ ಎಲೆಕ್ಟ್ರಿಕಲ್ ಡೌನ್‌ಟಿಲ್ಟ್ ಇರುವುದನ್ನೇ ಕೇಳಿ ಪಡೆಯಬೇಕು.

ಗಾಳಿಯ ಲೆಕ್ಕದಲ್ಲಿ ಉದ್ದದ ಬೆಲೆ ಇನ್ನೂ ಎದ್ದು ಕಾಣುತ್ತದೆ. ಬೆಟ್ಟದ ಅಂಚನ್ನು ಹತ್ತಿ ಬರುವ ಗಾಳಿ ತುದಿಯಲ್ಲಿ ಒತ್ತೊತ್ತಾಗಿ ವೇಗ ಪಡೆಯುವುದರಿಂದ ಬಯಲಿನ ಹವಾಮಾನ ಕೇಂದ್ರದ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಸೆಕೆಂಡಿಗೆ 50 ಮೀಟರ್ ವೇಗದ ಗಾಳಿ, ಅಂದರೆ ಗಂಟೆಗೆ 180 ಕಿಲೋಮೀಟರ್, ಒಂದು ಚದರ ಮೀಟರಿನ ಮೇಲೆ ಸುಮಾರು 1530 ನ್ಯೂಟನ್ ಒತ್ತಡ ಹೇರುತ್ತದೆ. ಸರಾಸರಿ 5 ಸೆಂಟಿಮೀಟರ್ ದಪ್ಪದ, 5.2 ಮೀಟರ್ ಉದ್ದದ ದುಂಡನೆಯ ಕೊಳವೆಗೆ 1.2ರ ಎಳೆತದ ಗುಣಾಂಕ ಹಿಡಿದರೆ ಒಟ್ಟು ಬಲ 480 ನ್ಯೂಟನ್ನಿನಷ್ಟಾಗುತ್ತದೆ. ಅದು ನಡುಮಧ್ಯದಲ್ಲಿ, 2.6 ಮೀಟರ್ ಎತ್ತರದಲ್ಲಿ ಒತ್ತುವುದರಿಂದ ಬುಡದ ಹಿಡಿಕೆಯ ಮೇಲೆ ಬೀಳುವ ಬಾಗುಬಲ 1240 ನ್ಯೂಟನ್ ಮೀಟರ್. 4 ಸೆಂಟಿಮೀಟರ್ ದಪ್ಪದ, 1.7 ಮೀಟರಿನ ಆಂಟೆನಾಗೆ ಅದೇ ಲೆಕ್ಕ ಮಾಡಿದರೆ ಬರುವುದು 106. ಉದ್ದ ಮೂರು ಪಟ್ಟಾದರೆ ಬುಡದ ಹೊರೆ ಹನ್ನೊಂದು ಹನ್ನೆರಡು ಪಟ್ಟಾಗುತ್ತದೆ! ಇಷ್ಟೂ ಹೊರೆಯನ್ನು ಹೊರುವುದು ಅಂಗೈಯಗಲದ ಎರಡು ಹಿಡಿಕೆಗಳು ಮತ್ತು ಬುಡದ ಲೋಹದ ಬಳೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಿ. ಸೆಕೆಂಡಿಗೆ 40 ಮೀಟರಿಗೆಂದು ತಯಾರಾದ ಆಂಟೆನಾಗೆ 60 ಮೀಟರಿನ ಗಾಳಿ ಎರಡೂಕಾಲು ಪಟ್ಟು ಭಾರ.

ನಿಮ್ಮ ಬೆಟ್ಟದಲ್ಲಿ ಹಿಮ ಕಟ್ಟುತ್ತದೆಯೇ ಎಂಬುದನ್ನು ನೀವು ಬರೆದಿಲ್ಲ. ಕಟ್ಟುವುದಿದ್ದರೆ ಲೆಕ್ಕ ಬದಲಾಗುತ್ತದೆ. 5 ಸೆಂಟಿಮೀಟರ್ ಕೊಳವೆಯ ಸುತ್ತ 25 ಮಿಲಿಮೀಟರ್ ದಪ್ಪದ ಗಟ್ಟಿ ಹಿಮ ಕೂತರೆ ಪ್ರತಿ ಮೀಟರಿಗೆ ಐದು ಕಿಲೋಗಿಂತ ಹೆಚ್ಚು ತೂಕ ಸೇರುತ್ತದೆ, ಗಾಳಿಗೆ ಒಡ್ಡಿದ ಅಗಲ ಇಮ್ಮಡಿಯಾಗುತ್ತದೆ. ಬಯಲಿಗೆ ತೆರೆದಿರುವ ಡೈಪೋಲಿನ ಕಡ್ಡಿಗಳ ಮೇಲೆ ಹಿಮ ನೇರವಾಗಿ ಕೂತಾಗ ಅನುರಣನವೂ ಕೆಳಗೆ ಸರಿಯುತ್ತದೆ. ಅಂತಹ ಕಡೆಗಳಲ್ಲಿ ದಪ್ಪ ಗೋಡೆಯ ಫೈಬರ್‌ಗ್ಲಾಸ್ ಹೊದಿಕೆಯೇ ಮೇಲು, ಏಕೆಂದರೆ ಹಿಮ ಲೋಹದಿಂದ ದೂರ ನಿಲ್ಲುತ್ತದೆ. ಮೇಲಿನ ರಚನೆಗಳಿಂದ ಕಳಚಿ ಬೀಳುವ ಹಿಮದ ಗಡ್ಡೆ ಎಂತಹ ಆಂಟೆನಾವನ್ನೂ ಮುರಿಯಬಲ್ಲದು. ಮೇಲೆ ಜಾಲರಿಯ ಕವಚ ಇರಲಿ.

ಹಿಮವಿಲ್ಲದ, ಸಿಡಿಲು ಮತ್ತು ಗಾಳಿಯೇ ಮುಖ್ಯ ವೈರಿಗಳಾಗಿರುವ ಬೆಟ್ಟಗಳಲ್ಲಿ ತೆರೆದ ಫೋಲ್ಡೆಡ್ ಡೈಪೋಲ್ ಸರಣಿಗೆ ಸಾಟಿಯಿಲ್ಲ. ಡಿಬಿ-224 ಎಂಬ ಮಾದರಿ ದಶಕಗಳಿಂದ ರಿಪೀಟರ್ ಗೋಪುರಗಳ ಮೇಲೆ ಇದಕ್ಕಾಗಿಯೇ ಉಳಿದುಕೊಂಡಿದೆ: ಆರೂಕಾಲು ಮೀಟರ್ ದಾಟಿದ ಲೋಹದ ಕಂಬ, ಅದಕ್ಕೆ ನಾಲ್ಕು ಫೋಲ್ಡೆಡ್ ಡೈಪೋಲುಗಳು, ಸುತ್ತಲೂ ಹರಡಿಸಿದರೆ 6 ಡಿಬಿಡಿ, ಒಂದೇ ಬದಿಗೆ ಜೋಡಿಸಿದರೆ ಆ ದಿಕ್ಕಿಗೆ 9 ಡಿಬಿಡಿ. ಇಷ್ಟು ಉದ್ದವಾಗಿಯೂ ಅದು ಬಾಳುವುದೇಕೆಂದರೆ, ಗಾಳಿಯ ಬಲವನ್ನು ಹೊರುವ ಕಂಬ ಬೇರೆ, ರೇಡಿಯೊ ವಿದ್ಯುತ್ ಹರಿಯುವ ಭಾಗ ಬೇರೆ. ಕಂಬ ಬಾಗಿದರೂ ಡೈಪೋಲಿನೊಳಗೆ ಏನೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಪ್ರತಿ ಡೈಪೋಲೂ ಲೋಹದ ಬಳೆಯಾಗಿ ಕಂಬಕ್ಕೆ ನೇರವಾಗಿ ಕೂಡಿರುವುದರಿಂದ ಸಿಡಿಲಿನ ವಿದ್ಯುತ್ತಿಗೆ ಕಂಬದ ಮೂಲಕ ಇಳಿಯುವ ದಾರಿ ಸಿಗುತ್ತದೆ. ಫೈಬರ್‌ಗ್ಲಾಸ್ ಆಂಟೆನಾದಲ್ಲಿ ಆ ದಾರಿ ತೆಳುವಾದ ಕಡ್ಡಿ ಮಾತ್ರ. ಒಳಗಿನ ತೇವ ಒಂದೇ ಕ್ಷಣದಲ್ಲಿ ಆವಿಯಾಗಿ ಕೊಳವೆ ಸೀಳಿಹೋಗುತ್ತದೆ. ಡೀಸಿ ಗ್ರೌಂಡ್ ಎಂದು ಬರೆದಿರುವ ಫೈಬರ್‌ಗ್ಲಾಸ್ ಆಂಟೆನಾ ಮಳೆಗಾಳಿಯಿಂದ ಕೂಡಿದ ಸ್ಥಿರ ವಿದ್ಯುತ್ತನ್ನು ಹರಿಯಗೊಡುತ್ತದೆ, ಅದೂ ಒಳ್ಳೆಯದೇ, ಆದರೆ ನೇರ ಸಿಡಿಲನ್ನು ಅದು ತಾಳುತ್ತದೆ ಎಂದು ಯಾರೂ ಭಾವಿಸಬಾರದು. ಅಂತಹದನ್ನು ಗೋಪುರದ ತುತ್ತತುದಿಗೆ ಹಾಕುವ ಬದಲು ತುಸು ಕೆಳಗೆ ಪಕ್ಕತೋಳಿಗೆ ಕಟ್ಟಿ, ತುದಿಯನ್ನು ಸಿಡಿಲಿನ ಕಂಬಿಗೆ ಬಿಟ್ಟುಕೊಡುವುದು ಜಾಣತನ.

ಆದರೆ ಪಕ್ಕತೋಳಿನಲ್ಲಿ ಡ್ಯುಯಲ್ ಬ್ಯಾಂಡ್ ಆಂಟೆನಾಗೆ ಒಂದು ಸಂಕಟವಿದೆ. ಗೋಪುರದ ಕಾಲಿನಿಂದ 52 ಸೆಂಟಿಮೀಟರ್ ದೂರದಲ್ಲಿ ಕಟ್ಟಿದರೆ 2 ಮೀಟರ್ ಬ್ಯಾಂಡಿಗೆ ಅದು ಕಾಲು ತರಂಗಾಂತರ, 70 ಸೆಂಟಿಮೀಟರಿಗೆ ಮುಕ್ಕಾಲು ತರಂಗಾಂತರ. ಮೊದಲನೆಯದರಲ್ಲಿ ಗೋಪುರದ ಎದುರು ದಿಕ್ಕಿಗೆ ನಯವಾಗಿ ಉಬ್ಬಿದ ಹರಹು ಬಂದರೆ, ಎರಡನೆಯದರಲ್ಲಿ ಹರಹು ಹಲವು ಎಸಳುಗಳಾಗಿ ಒಡೆಯುತ್ತದೆ. ಒಂದೇ ದೂರ ಎರಡಕ್ಕೂ ಒಪ್ಪುವುದಿಲ್ಲ. ಎರಡು ಪ್ರತ್ಯೇಕ ಆಂಟೆನಾಗಳಿದ್ದರೆ ಪ್ರತಿಯೊಂದಕ್ಕೂ ಬೇಕಾದ ದೂರ, ಬೇಕಾದ ದಿಕ್ಕು, ಬೇಕಾದ ಗೇನ್ ಸಿಗುತ್ತವೆ. ಒಂದು ಕೆಟ್ಟರೆ ಇನ್ನೊಂದು ರಿಪೀಟರ್ ಬದುಕಿರುತ್ತದೆ. ಎರಡು ಬ್ಯಾಂಡಿನ ಪ್ರಸಾರ ಒಂದೇ ಜೋಡಣೆಯಲ್ಲಿ ಹರಿಯದ ಕಾರಣ ಮೇಲೆ ಹೇಳಿದ ಕಳೆಯುವ ಲೆಕ್ಕದ ಕಾಟ ಬಹಳ ತಗ್ಗುತ್ತದೆ. ಇದೇ ಕಾರಣಕ್ಕೆ ನನ್ನ ಮೊದಲ ಆಯ್ಕೆ ಅದು. ನಿಮ್ಮ ಬೆಟ್ಟಕ್ಕೆ 2 ಮೀಟರಿಗೆ ಎರಡು ಅಥವಾ ನಾಲ್ಕು ಡೈಪೋಲಿನ ಸರಣಿ, 70 ಸೆಂಟಿಮೀಟರಿಗೆ 6 ಡಿಬಿಡಿ ಮೀರದ ನಾಲ್ಕು ಡೈಪೋಲಿನ ಸರಣಿ, ಒಂದರ ಮೇಲೊಂದು ಲಂಬವಾಗಿ ಸಾಕಷ್ಟು ಅಂತರದಲ್ಲಿದ್ದರೆ ಚೆನ್ನು.

ಜಾಗ ಒಂದೇ ಇದ್ದರೆ, ವಾಣಿಜ್ಯ ಬಳಕೆಗೆಂದು ತಯಾರಾದ, ಒಂದೇ ಹೊದಿಕೆಯೊಳಗೆ ಎರಡು ಬ್ಯಾಂಡಿನ ಆಂಟೆನಾಗಳು ಬೇರೆ ಬೇರೆಯಾಗಿದ್ದು, ಬುಡದಲ್ಲಿ ಎರಡು ಕನೆಕ್ಟರುಗಳಿರುವಂಥದನ್ನು ಮೊದಲು ಹುಡುಕಿ. ಅದೂ ಸಿಗದಿದ್ದರೆ ಒಂದೇ ಕನೆಕ್ಟರಿನ, 1.7ರಿಂದ 2 ಮೀಟರ್ ಉದ್ದದ, ನಡುವೆ ಸೇರುಗಡೆಯಿಲ್ಲದ ಫೈಬರ್‌ಗ್ಲಾಸ್ ಆಂಟೆನಾ ಮತ್ತು ಕೆಳಗೆ ಎರಡು ಬ್ಯಾಂಡುಗಳನ್ನು ಒಂದು ಕೇಬಲಿಗೆ ಸೇರಿಸುವ ಒಳ್ಳೆಯ ಡೈಪ್ಲೆಕ್ಸರ್. ತಯಾರಕರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಆಂಟೆನಾ ಡ್ಯುಪ್ಲೆಕ್ಸ್ ಬಳಕೆಗೆ (ಒಂದೇ ಕ್ಷಣದಲ್ಲಿ ಪ್ರಸಾರ ಮಾಡುತ್ತ ಕೇಳಲು) ಖಾತರಿಯಾಗಿದೆಯೇ, ಅದರ ಪ್ಯಾಸಿವ್ ಇಂಟರ್‌ಮಾಡ್ಯುಲೇಷನ್ (ಸಿಗ್ನಲ್ಲುಗಳು ಜೋಡಣೆಗಳಲ್ಲೇ ಬೆರೆತು ಹುಟ್ಟುವ ಗದ್ದಲದ) ಅಂಕಿ ಎಷ್ಟು? ಉತ್ತರ ಬರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ. ಶಕ್ತಿಯ ಅಂಕಿಯನ್ನು ನೋಡುವಾಗ ಅದು ನಿರಂತರ ಪ್ರಸಾರಕ್ಕೆ ಹೇಳಿದ್ದೇ ಎಂದು ಕೇಳಿ. ರಿಪೀಟರ್ ಗಂಟೆಗಟ್ಟಲೆ ಬಿಡುವಿಲ್ಲದೆ ಪ್ರಸಾರ ಮಾಡುತ್ತದೆ, ಮತ್ತು ಎರಡು ಬ್ಯಾಂಡಿನ ಶಾಖವೂ ಅದೇ ಸುರುಳಿಗಳಲ್ಲಿ ಕೂಡುತ್ತದೆ. ನಿಮ್ಮ ಒಟ್ಟು ಶಕ್ತಿಯ ಮೂರು ಪಟ್ಟಿನ ಅಂಕಿ ಇರಲಿ.

ಕನೆಕ್ಟರ್ ಎನ್ ಮಾದರಿಯದೋ 7/16 ಡಿನ್ ಮಾದರಿಯದೋ ಆಗಿರಬೇಕು. ಎಸ್‌ಓ-239 ಇರುವುದನ್ನು ತೆಗೆದುಕೊಳ್ಳಬೇಡಿ. ಅದಕ್ಕೆ ನೀರು ತಡೆಯುವ ಗುಣವಿಲ್ಲ, 435 ಮೆಗಾಹರ್ಟ್ಸಿನಲ್ಲಿ 50 ಓಮ್ ಉಳಿಸಿಕೊಳ್ಳುವ ಗುಣವೂ ಇಲ್ಲ. ಲೇಪ ಬೆಳ್ಳಿಯದೋ ಬಿಳಿ ಕಂಚಿನದೋ ಇರಲಿ, ನಿಕಲ್ ಬೇಡ; ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹವೇ ಮಿಶ್ರಣದ ಗದ್ದಲಕ್ಕೆ ಒಂದು ಕಾರಣ. ಕೇಬಲಿಗೆ ಒಂದೇ ತಗಡಿನ ಸುಕ್ಕುಗಟ್ಟಿದ ತಾಮ್ರದ ಹೊರಕವಚ ಇರಲೇಬೇಕು. ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪಿತ ತಾಮ್ರದ ಹೆಣಿಗೆ ಇರುವ ಕೇಬಲುಗಳು ನಷ್ಟದ ಲೆಕ್ಕದಲ್ಲಿ ಚೆನ್ನಾಗಿವೆ, ಆದರೆ ಎರಡು ಲೋಹಗಳು ಒಂದಕ್ಕೊಂದು ಉಜ್ಜುವುದರಿಂದ ಡ್ಯುಪ್ಲೆಕ್ಸಿನಲ್ಲಿ ಸದ್ದು ಮಾಡುತ್ತವೆ. ಆಂಟೆನಾ ಬದಲಿಸಿಯೂ ಸದ್ದು ಹೋಗದ ಎಷ್ಟೋ ಗೋಪುರಗಳಲ್ಲಿ ತಪ್ಪಿತಸ್ಥ ಇದೇ. ಅರ್ಧ ಇಂಚಿನ ಸುಕ್ಕುಗಟ್ಟಿದ ಕೇಬಲಿನಲ್ಲಿ ನೂರು ಮೀಟರಿಗೆ 150 ಮೆಗಾಹರ್ಟ್ಸಿನಲ್ಲಿ 2.7 ಡೆಸಿಬೆಲ್, 450ರಲ್ಲಿ 4.7 ಡೆಸಿಬೆಲ್ ನಷ್ಟ. 40 ಮೀಟರಿಗೆ ಅದು ಸುಮಾರು ಒಂದು ಮತ್ತು ಎರಡು ಡೆಸಿಬೆಲ್, ಸಹಿಸಬಹುದಾದದ್ದು. ಹೊರಕವಚವನ್ನು ಗೋಪುರದ ಮೇಲ್ತುದಿಯಲ್ಲಿ, ಬುಡದಲ್ಲಿ, ಮತ್ತು ಕಟ್ಟಡಕ್ಕೆ ನುಗ್ಗುವ ಜಾಗದಲ್ಲಿ ಭೂಸಂಪರ್ಕಕ್ಕೆ ಕೂಡಿಸಿ.

ಕಟ್ಟುವಾಗ ಹಿಡಿಕೆಗಳು ಬುಡದ ಲೋಹದ ತೋಳನ್ನು ಮಾತ್ರ ಹಿಡಿಯಲಿ, ಫೈಬರ್‌ಗ್ಲಾಸನ್ನು ಎಂದೂ ಬಿಗಿಯಬೇಡಿ. ಬುಡದಲ್ಲಿರುವ ಪುಟ್ಟ ರಂಧ್ರ ನೀರು ಹೊರಹೋಗುವ ದಾರಿ. ಜಲನಿರೋಧಕ ಪಟ್ಟಿ ಸುತ್ತುವ ಉತ್ಸಾಹದಲ್ಲಿ ಅದನ್ನು ಮುಚ್ಚಿದರೆ ಕೊಳವೆ ಒಳಗಿನಿಂದಲೇ ಕೊಳೆಯುತ್ತದೆ. ಕನೆಕ್ಟರಿಗೆ ಮೊದಲು ಒಂದು ಸುತ್ತು ವಿನೈಲ್ ಟೇಪ್, ಅದರ ಮೇಲೆ ಬ್ಯುಟೈಲ್ ಅಥವಾ ತನ್ನಷ್ಟಕ್ಕೆ ಬೆಸೆಯುವ ರಬ್ಬರ್ ಪಟ್ಟಿ, ಮತ್ತೆ ವಿನೈಲ್, ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಲಿ. ಆಗ ನೀರು ಪದರದ ಮೇಲಿಂದ ಜಾರುತ್ತದೆ. ಮೇಲೇರಿಸಿದ ದಿನವೇ ರಿಟರ್ನ್ ಲಾಸ್ ಗ್ರಾಫನ್ನು (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂಬ ಚಿತ್ರವನ್ನು) ಆಂಟೆನಾದ ಬುಡದಲ್ಲಿಯೂ ಕೇಬಲಿನ ಕೆಳತುದಿಯಲ್ಲಿಯೂ ತೆಗೆದಿಟ್ಟುಕೊಳ್ಳಿ. ಸೂರ್ಯನ ಬಿಸಿಲಿಗೆ ಫೈಬರ್‌ಗ್ಲಾಸಿನ ಮೇಲ್ಪದರ ಸವೆದು ನೂಲಿನಂಥ ಎಳೆಗಳು ಎದ್ದರೆ, ಲೋಹದ ಪುಡಿಯಿಲ್ಲದ ಪಾಲಿಯುರೆಥೇನ್ ಬಣ್ಣವನ್ನು ಬಳಿಯಬಹುದು.

ಹೊಸತಕ್ಕೆ ಆರ್ಡರ್ ಕೊಡುವ ಮುನ್ನ ಹಳೆಯ ಆಂಟೆನಾವನ್ನು ಕೆಳಗಿಳಿಸಿ, ಮುಖಕವಚ ಮತ್ತು ಕೈಗವಸು ಹಾಕಿಕೊಂಡು, ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿ. ಬುಡದ ಒಂದು ಅಡಿಯಲ್ಲಿ ತಾಮ್ರ ಹಸಿರುಗಟ್ಟಿದ್ದರೆ ನೀರು ನಿಂತಿತ್ತು. ಹೊಸತರಲ್ಲಿ ರಂಧ್ರ ಮತ್ತು ಜಲನಿರೋಧಕದ ಕಡೆ ಗಮನ ಕೊಡಬೇಕು. ತುಂಡುಗಳು ಸೇರುವ ಹಿತ್ತಾಳೆ ತೋಳಿನಲ್ಲಿ ಸ್ಕ್ರೂವಿನ ತುದಿ ಕಡ್ಡಿಯ ಮೇಲೆ ಉಜ್ಜಿದ ಹೊಳಪು ಕಂಡರೆ, ಅಥವಾ ಸುರುಳಿಯ ಬೆಸುಗೆಯ ಸುತ್ತ ಕಪ್ಪು ಉಂಗುರ ಕಂಡರೆ ಗಾಳಿಯೇ ಕಾರಣ. ಉದ್ದ ಕಡಿಮೆ ಮಾಡುವುದರಲ್ಲಿ ಹಿಂಜರಿಯಬೇಡಿ. ಕೊಳವೆಯ ಒಳಗೋಡೆ ಮಸಿಹಿಡಿದು ಕಡ್ಡಿಯ ತುದಿ ಕರಗಿ ಗುಂಡಾಗಿದ್ದರೆ ಸಿಡಿಲು ಅಲ್ಲಿಗೆ ಬಂದಿದೆ, ಆಗ ಆಂಟೆನಾಗಿಂತ ಮೊದಲು ಗೋಪುರದ ಭೂಸಂಪರ್ಕವನ್ನು ಅಳೆಸಬೇಕು. ಮೂರೂ ಇಲ್ಲದೆ ಒಳಭಾಗ ಹೊಸದರಂತೆ ಹೊಳೆಯುತ್ತಿದ್ದರೆ ಆರ್ಡರನ್ನು ತಡೆಹಿಡಿದು, ಕೇಬಲ್ ಮತ್ತು ಕನೆಕ್ಟರುಗಳ ಮೇಲೆ ಸಿನಾಡ್ ಪರೀಕ್ಷೆಯನ್ನು ಇನ್ನೊಮ್ಮೆ ಗಾಳಿಯ ದಿನದಲ್ಲಿ ನಡೆಸಿ.